ಸಿದ್ದಲಿಂಗಮ್ಮನವರ ತುರುಬಿನ ಪೆನ್ಸಿಲ್

ಮೈಸೂರಿನಲ್ಲಿ ರೋಗನಿದಾನದ ಮಾತು ಬಂದಾಗಲೆಲ್ಲ ಜನರ ಬಾಯಿಗೆ ಬರುವ ಹೆಸರುಗಳು ವೈದ್ಯರವು. ಆ ವೈದ್ಯರು ಸೂಕ್ಷ್ಮದರ್ಶಕದ ಮುಂದೆ ಕುಳಿತು ತೀರ್ಪು ಹೇಳುವ ಮುನ್ನ, ರೋಗಿಯ ಒಡಲಿನಿಂದ ಬಂದ ಸಾಸಿವೆಕಾಳಿನಷ್ಟು ಮಾಂಸದ ತುಣುಕನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಕಟ್ಟಿ ಗಾಜಿನ ಮೇಲೆ ನಿಲ್ಲಿಸಿಕೊಡುವ ಕೈಗಳು ಬೇರೆಯೇ ಇರುತ್ತವೆ. ನಮ್ಮ ವರದಿಗಳಲ್ಲಿ ಆ ಕೈಗಳ ಸಹಿಗೆ ಜಾಗವಿಲ್ಲ. ಅಂಥ ಕೆಲಸವನ್ನು ನಮ್ಮ ವೈದ್ಯಕೀಯ ಕಾಲೇಜಿನ ಹಿಸ್ಟಾಲಜಿ ಪ್ರಯೋಗಾಲಯದಲ್ಲಿ ಮೂವತ್ತೇಳು ವರ್ಷ ಮಾಡಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವವರು ಶ್ರೀಮತಿ ಸಿದ್ದಲಿಂಗಮ್ಮನವರು. 1988ರಲ್ಲಿ ಅವರು ಸೇರಿದ್ದು ತಂತ್ರಜ್ಞೆಯಾಗಿ, ಹೊರಡುತ್ತಿರುವುದೂ ಅದೇ ತಂತ್ರಜ್ಞೆಯಾಗಿ. ನಡುವೆ ಬರಬೇಕಾಗಿದ್ದ ಬಡ್ತಿ ಏಕೆ ಬರಲಿಲ್ಲ ಎಂಬುದು ವಿಭಾಗದಲ್ಲಿ ಮೂವರಿಗೆ ಗೊತ್ತು. ಆ ಮೂವರಲ್ಲಿ ನಾನೂ ಒಬ್ಬಳು.

ಅವರಿಗಾಗಿ ತರುತ್ತಿರುವ ಈ ಅಭಿನಂದನ ಗ್ರಂಥದ ಸಂಚಾಲಕರಾದ ನಮ್ಮ ಕಿರಿಯ ತಂತ್ರಜ್ಞ ದಿಲೀಪ್ ಅವರು "ಹೆಡ್ ಆಗಿ ನೀವೊಂದೆರಡು ಒಳ್ಳೇ ಮಾತು ಬರೆದುಕೊಡಿ ಮೇಡಂ" ಎಂದು ಕೇಳಿದರು. ಒಳ್ಳೆಯ ಮಾತುಗಳನ್ನು ಮೊದಲು ಬರೆಯುತ್ತೇನೆ. ಉಳಿದದ್ದನ್ನು ಓದಿದ ಮೇಲೆ ಅವರಿಗೆ ಅಚ್ಚು ಹಾಕಿಸುವ ಧೈರ್ಯ ಉಳಿದಿದ್ದರೆ ಅದು ಅವರ ದೊಡ್ಡತನ.

ಅಶೋಕಪುರದ ಮೂಗಯ್ಯನವರ ಮಗಳು ಸಿದ್ದಲಿಂಗಮ್ಮ ಕೆಲಸಕ್ಕೆ ಸೇರಿದ ಕಾಲದಲ್ಲಿ, ತುಣುಕು ಕೊಯ್ಯುವ ಯಂತ್ರವಾದ ಮೈಕ್ರೋಟೋಮಿನ ಕತ್ತಿಯನ್ನು ಪ್ರತಿದಿನ ಬೆಳಿಗ್ಗೆ ಕಲ್ಲಿನ ಮೇಲೆ ಮಸೆಯಬೇಕಿತ್ತು. ಅಲಗಿನಲ್ಲಿ ಕಣ್ಣಿಗೆ ಕಾಣದ ಒಂದು ಮುಕ್ಕಿದ್ದರೂ ಕೊಯ್ದ ಪದರದಲ್ಲಿ ಉದ್ದುದ್ದ ಗೀರು ಬೀಳುತ್ತಿತ್ತು. ಏಪ್ರಿಲ್ ತಿಂಗಳ ಬಿಸಿಲಿಗೆ ಮೇಣ ಮೆತ್ತಗಾಗಿ ಪದರಗಳು ಮುದುಡಿಕೊಳ್ಳುತ್ತಿದ್ದವು; ಆಗ ಅವರು ಕ್ಯಾಂಟೀನಿಗೆ ತಾವೇ ಹೋಗಿ, ಜ್ಯೂಸಿನವನೊಂದಿಗೆ ಜಗಳವಾಡಿ ಐಸ್ ತಂದು ಮೇಣದ ಬ್ಲಾಕುಗಳನ್ನು ಅದರ ಮೇಲೆ ಸಾಲಾಗಿ ಕೂರಿಸುತ್ತಿದ್ದರು. ಎಂಥ ಸೆಖೆಯಿದ್ದರೂ ಕೊಯ್ಯುವಾಗ ಫ್ಯಾನ್ ಹಾಕುವಂತಿಲ್ಲ, ಪದರ ಹಾರಿಹೋಗುತ್ತದೆ. ಪದರವನ್ನು ಬಿಸಿನೀರಿನ ತಟ್ಟೆಗೆ ತೇಲಿಬಿಡುವ ಆ ಒಂದು ಗಳಿಗೆ ಅವರು ಉಸಿರನ್ನೂ ಬಿಗಿಹಿಡಿಯುತ್ತಿದ್ದರು. ಒಬ್ಬ ರೋಗಿಯ ತುಣುಕಿನ ಚೂರು ಇನ್ನೊಬ್ಬರ ಗಾಜಿಗೆ ಅಂಟಬಾರದೆಂದು ಪ್ರತಿ ಬ್ಲಾಕಿನ ನಂತರ ನೀರಿನ ಮೇಲ್ಮೈಯನ್ನು ಕಾಗದದಿಂದ ಒರೆಸುತ್ತಿದ್ದರು. ದಿನಕ್ಕೆ ಎಂಬತ್ತು ಬ್ಲಾಕುಗಳಿದ್ದರೆ ಎಂಬತ್ತು ಸಲ ಒರೆಸುತ್ತಿದ್ದರು, ಯಾರೂ ನೋಡದಿದ್ದರೂ ಒರೆಸುತ್ತಿದ್ದರು. ಒಮ್ಮೆ ಕಾಲೇಜಿನವರು ಸದ್ದಿಲ್ಲದೆ ನಲ್ಲಿಗೆ ಬೋರ್‌ವೆಲ್ ನೀರು ಬಿಟ್ಟಾಗ, ಜೀವಕೋಶದ ನೀಲಿ ಬಣ್ಣ ಎಂದಿನಂತೆ ಏರುತ್ತಿಲ್ಲವೆಂದು ನೀರು ಬದಲಾದದ್ದನ್ನು ಮೊದಲು ಕಂಡುಹಿಡಿದವರು ಅವರೇ. ಪ್ರಾಧ್ಯಾಪಕರು ಬಣ್ಣದ ಬಾಟಲಿಯನ್ನು ಬಯ್ಯುತ್ತ ಕುಳಿತಿದ್ದರು.

ನಾನು 2007ರಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿ ಬಂದೆ. ನಮ್ಮಲ್ಲಿ ಆಗಿನ ಪದ್ಧತಿಯೆಂದರೆ, ತುಣುಕಿನ ಜೊತೆ ರೋಗಿಯ ಸಂಖ್ಯೆ ಬರೆದ ಉಗುರಗಲದ ಚೀಟಿಯೊಂದನ್ನು ತೂತುಗಳಿರುವ ಲೋಹದ ಡಬ್ಬಿಯಲ್ಲಿ ಹಾಕಿ ಮುಚ್ಚುವುದು. ಆ ಡಬ್ಬಿ ಮರುದಿನ ಬೆಳಗಿನ ತನಕ ಆಲ್ಕೋಹಾಲು, ಝೈಲೀನೆಂಬ ದ್ರಾವಕ, ಕೊನೆಗೆ ಕರಗಿದ ಮೇಣ, ಹೀಗೆ ಒಂದರಿಂದೊಂದಕ್ಕೆ ಇಳಿಯುತ್ತದೆ. ಪೆನ್ನಿನ ಶಾಯಿ ಅದರಲ್ಲಿ ತೊಳೆದುಹೋಗುತ್ತದೆ; ಪೆನ್ಸಿಲಿನ ಸೀಸ ಮಾತ್ರ ಏನು ಮಾಡಿದರೂ ಕದಲುವುದಿಲ್ಲ. ಮೊದಲ ದಿನ ನಾನು ಜೇಬಿನಿಂದ ಪೆನ್ನು ತೆಗೆದದ್ದನ್ನು ನೋಡಿ ಅವರು ತಮ್ಮ ತುರುಬಿನಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ಎಳೆದು ಕೊಟ್ಟರು. "ಪೆನ್ನು ಒಳಗಿಟ್ಕೊಳಿ ಡಾಕ್ಟ್ರೇ, ಅದು ರಜಾ ಚೀಟಿ ಬರೆಯಾಕೆ. ಇಲ್ಲಿ ಏನಿದ್ರೂ ಪೆನ್ಸಿಲ್ಲು" ಎಂದು ನಕ್ಕರು.

ತುಣುಕು ಕೆಡದಂತೆ ಮುಳುಗಿಸಿಡುವ ಫಾರ್ಮಲಿನ್‌ನ ಹೊಗೆಗೆ ಕಣ್ಣು ಉರಿದು ನೀರಿಳಿಯುವಾಗ ಒದ್ದೆ ಕರವಸ್ತ್ರ ಕೊಟ್ಟವರು ಅವರು. ನನ್ನ ತಂದೆ ಆಸ್ಪತ್ರೆಯಲ್ಲಿ ಮಲಗಿದ್ದ ಎರಡು ತಿಂಗಳು, ಭಾನುವಾರಗಳಂದು ಬಂದು ನನ್ನ ಪ್ರಬಂಧದ ನೂರಾ ಇಪ್ಪತ್ತು ಬ್ಲಾಕುಗಳನ್ನು ಕೊಯ್ದುಕೊಟ್ಟವರು ಅವರು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮುಖ್ಯಸ್ಥರಿಗೆ ಒಂಬತ್ತು ಸಾಲು ಬರೆದೆ. ಇವರನ್ನು "ತಾಂತ್ರಿಕ ಸಿಬ್ಬಂದಿ ವರ್ಗ" ಎಂಬ ಮೂರು ಪದಗಳಲ್ಲಿ ಮುಗಿಸಿದೆ. ಈಗ ಆ ಪುಟ ತೆರೆದರೆ ಮೈಯೆಲ್ಲ ಉರಿಯುತ್ತದೆ.

ಒಳ್ಳೆಯ ಮಾತುಗಳು ಇಲ್ಲಿಗೆ ಮುಗಿದವು.

2008ರ ಜುಲೈನಲ್ಲಿ ಒಂದು ಸಂಜೆ ನಾನು ಸೆಮಿನಾರಿನ ಅವಸರದಲ್ಲಿದ್ದೆ. ಆ ದಿನದ ಕೊನೆಯ ಎರಡು ತುಣುಕುಗಳು, ಎರಡೂ ಹೊಟ್ಟೆಯ ಒಳಗೋಡೆಯವು, ನನ್ನ ಕೈಯಲ್ಲಿದ್ದವು. ಪೆನ್ಸಿಲಿನ ಮೊನೆ ಮುರಿಯಿತು. ಅದನ್ನು ಹೆರೆಯಲು ಬೇಕಾಗಿದ್ದದ್ದು ಅರ್ಧ ನಿಮಿಷ. ನಾನು ಜೇಬಿನ ಜೆಲ್ ಪೆನ್ನಿನಲ್ಲಿ ಎರಡು ಚೀಟಿ ಬರೆದು, ಡಬ್ಬಿ ಮುಚ್ಚಿ ಹೊರಟೆ.

ಮರುದಿನ ಬೆಳಿಗ್ಗೆ ಸಿದ್ದಲಿಂಗಮ್ಮನವರು ಆ ಡಬ್ಬಿಗಳನ್ನು ತೆರೆದಾಗ ಎರಡು ಬಿಳಿ ಚೀಟಿಗಳಿದ್ದವು. ಯಾವ ತುಣುಕು ಯಾರದೆಂದು ಹೇಳುವುದು ಹೇಗೆ? ಅವರು ಕೆಲಸ ನಿಲ್ಲಿಸಿ, ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ನನ್ನನ್ನೂ ಕರೆದುಕೊಂಡು ಅಂದಿನ ವಿಭಾಗ ಮುಖ್ಯಸ್ಥರ ಕೋಣೆಗೆ ಹೋದರು. "ಎರಡು ಪೇಷಂಟನ್ನೂ ಕರೆಸಿ ಮತ್ತೆ ತೆಗೆಸಿಬುಡಿ ಸಾರ್. ಇದು ನಾವು ಊಹೆ ಮಾಡೋ ವಿಷ್ಯ ಅಲ್ಲ" ಎಂದರು.

ಶಸ್ತ್ರಚಿಕಿತ್ಸಕರಿಂದ ಅದಾಗಲೇ ಎರಡು ಸಲ ಫೋನ್ ಬಂದಿತ್ತು. ಮತ್ತೆ ತೆಗೆಸಿ ಎಂದರೆ ವಿಭಾಗದ ಮಾನ ಹೋಗುತ್ತದೆ. ಮುಖ್ಯಸ್ಥರು ರಿಜಿಸ್ಟರಿನಲ್ಲಿದ್ದ ಅಳತೆ ನೋಡಿ, ಕೊಂಚ ದೊಡ್ಡದಾಗಿ ಕಂಡದ್ದಕ್ಕೆ ಒಂದು ಸಂಖ್ಯೆ, ಚಿಕ್ಕದಕ್ಕೆ ಇನ್ನೊಂದು ಸಂಖ್ಯೆ ಕೊಟ್ಟರು. "ಡಾಕ್ಟರು ನಾನೋ ನೀವೋ?" ಎಂದು ಕೇಳಿದರು. ಸಿದ್ದಲಿಂಗಮ್ಮನವರು ಹೇಳಿದಂತೆ ಮಾಡಿದರು. ಆದರೆ ರಿಜಿಸ್ಟರಿನಲ್ಲಿ ಆ ಎರಡೂ ಸಂಖ್ಯೆಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಮುಖ್ಯಸ್ಥರು ರಬ್ಬರ್ ತೆಗೆದುಕೊಂಡು ಅವನ್ನು ಉಜ್ಜಿಹಾಕಿದ್ದನ್ನು ನಾನು ನೋಡಿದೆ. ಆಲ್ಕೋಹಾಲಿಗೆ ಬಗ್ಗದ ಪೆನ್ಸಿಲ್ ಒಂದು ರೂಪಾಯಿಯ ರಬ್ಬರಿಗೆ ಹೊರಟುಹೋಯಿತು.

ಊಹೆ ತಪ್ಪಾಗಿತ್ತು. ಹಿನಕಲ್‌ನ ದೇವಯ್ಯ ಎಂಬ ಗಾರೆ ಕೆಲಸದವರಿಗೆ "ಬರೀ ಹುಣ್ಣು" ಎಂದು ವರದಿ ಹೋಯಿತು. ಕ್ಯಾನ್ಸರ್ ಎಂಬ ವರದಿ ಹೋದದ್ದು ಏನೂ ಇಲ್ಲದ ಒಬ್ಬ ಯುವತಿಗೆ. ಆಕೆ ಬೇರೆ ಊರಿನಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಂಡು ಬಚಾವಾದರು, ನಮಗೆ ತಿಳಿಸುವ ಗೋಜಿಗೆ ಹೋಗಲಿಲ್ಲ. ದೇವಯ್ಯನವರು ಐದು ತಿಂಗಳು ಹುಣ್ಣಿನ ಮಾತ್ರೆ ನುಂಗಿ, ನೀರೂ ಇಳಿಯದಂತಾದ ಮೇಲೆ ವಾಪಸು ಬಂದರು. ಆಗ ತೆಗೆದ ಹೊಸ ತುಣುಕಿನ ಪಕ್ಕದಲ್ಲಿ ಆ ಎರಡು ಹಳೆಯ ಗಾಜುಗಳನ್ನಿಟ್ಟು ನೋಡಿದಾಗ ಎಲ್ಲವೂ ಬಯಲಾಯಿತು. ಯುಗಾದಿಗೆ ಮೊದಲೇ ಅವರು ತೀರಿಕೊಂಡರು.

ವಿಚಾರಣಾ ಸಮಿತಿ ಕೂತಿತು. ಮೂವರು ಸದಸ್ಯರಲ್ಲಿ ಒಬ್ಬರೂ ಜನ್ಮದಲ್ಲಿ ಒಂದು ಬ್ಲಾಕ್ ಕೊಯ್ದವರಲ್ಲ. ಸಿದ್ದಲಿಂಗಮ್ಮನವರು ಸುಮ್ಮನಿರಲಿಲ್ಲ. "ಇಪ್ಪತ್ತು ವರ್ಷದಿಂದ ಪೆನ್ಸಿಲ್ ಬಿಟ್ಟು ಬೇರೇದು ಮುಟ್ಟಿಲ್ಲ ಸಾರ್. ಚೀಟಿ ಬೆಳ್ಳಗಾಗೈತೆ ಅಂದ್ರೆ ಅದು ನಾನು ಬರೆದಿದ್ದಲ್ಲ" ಎಂದು ಎದೆ ಸೆಟೆಸಿ ಹೇಳಿದರು. ಸಮಿತಿಯವರು ನನ್ನ ಕಡೆ ತಿರುಗಿ, ಆ ದಿನ ಯಾವುದರಿಂದ ಬರೆದಿರೆಂದು ಕೇಳಿದರು. ನನಗೆ ಅಂತಿಮ ಪರೀಕ್ಷೆಯ ಭಯವಿತ್ತು. ಸಂಖ್ಯೆ ಕೊಟ್ಟದ್ದು ತಾವೆಂದು ಬಾಯಿಬಿಡದ ಮುಖ್ಯಸ್ಥರು ಮೇಜಿನ ಆಚೆ ಕುಳಿತಿದ್ದರು. ~~ನನಗೆ ನೆನಪಾಗಲಿಲ್ಲ.~~ ಸುಳ್ಳು ಹೇಳಿದೆ.

ಮೇಲಿನ ಗೀಟಿಗೆ ವಿವರಣೆ ಕೊಡಬೇಕು. ಈ ಲೇಖನದ ಕರಡನ್ನು ಹೋದ ವಾರ ಸಿದ್ದಲಿಂಗಮ್ಮನವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದುತ್ತ ಬಂದು, "ನನಗೆ ನೆನಪಾಗಲಿಲ್ಲ" ಎಂಬಲ್ಲಿ ನಿಂತರು. ತುರುಬಿನಿಂದ ಪೆನ್ಸಿಲ್ ತೆಗೆದು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಎರಡು ಪದ ಬರೆದರು. ಸಮಿತಿಯ ಮುಂದೆ ನಾನು ಹೇಳಿದ್ದು, ಪೆನ್ಸಿಲಿನಿಂದಲೇ ಬರೆದೆನೆಂದು. ಹದಿನಾರು ವರ್ಷದ ನಂತರವೂ, ತಪ್ಪೊಪ್ಪಿಕೊಳ್ಳಲೆಂದೇ ಕೂತು ಬರೆಯುವಾಗಲೂ ನಾನು ನುಣುಚಿಕೊಂಡಿದ್ದೆ. ಅವರ ತಿದ್ದುಪಡಿ ಇದ್ದಂತೆಯೇ ಅಚ್ಚಾಗಲಿ.

ವಿಚಾರಣೆಯ ಕೋಣೆಯಿಂದ ಹೊರಬಂದ ಸದಸ್ಯರೊಬ್ಬರು ಮೊಗಸಾಲೆಯಲ್ಲಿ, ಇವರೆಲ್ಲ ಯಾವ ದಾರಿಯಲ್ಲಿ ಕೆಲಸಕ್ಕೆ ಬಂದವರೆಂದು ಗೊತ್ತಲ್ಲ, ಇಷ್ಟೇ ಇವರ ಯೋಗ್ಯತೆ ಎಂದು ಅವರಿಗೆ ಕೇಳಿಸುವಂತೆಯೇ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ. ತಪ್ಪು ಮಾಡಿದ ನಾನು ಯಾವ ದಾರಿಯಲ್ಲಿ ಬಂದವಳೆಂದು ಯಾರೂ ಕೇಳಲಿಲ್ಲ. ಸಿದ್ದಲಿಂಗಮ್ಮನವರ ಸೇವಾ ಪುಸ್ತಕದಲ್ಲಿ "ಕರ್ತವ್ಯಲೋಪ" ಎಂದು ದಾಖಲಾಯಿತು, ಶಾಯಿಯಲ್ಲಿ. ಅವರಿಗಿಂತ ಕಿರಿಯರು ಮೂವರು ಹಿರಿಯ ತಂತ್ರಜ್ಞರಾದರು. ನಾನು ಚಿನ್ನದ ಪದಕ ಪಡೆದೆ.

ಆ ವರ್ಷದ ಮಳೆಗಾಲದಲ್ಲಿ ದೇವಯ್ಯನವರ ಹೆಂಡತಿ ಚಿಕ್ಕಮಾದಮ್ಮ ನಮ್ಮ ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತರು. "ನಮ್ಮೆಜಮಾನ್ರ ಚೀಟಿ ಅದಲುಬದಲು ಮಾಡ್ದೋರು ಯಾರು? ಒಂದ್ಸಲ ಮುಖ ನೋಡ್ಬೇಕಿತ್ತು" ಎಂದರು. ನಾನು ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. ಸಿದ್ದಲಿಂಗಮ್ಮನವರು ಮೈಕ್ರೋಟೋಮ್ ನಿಲ್ಲಿಸಿ, "ಕಾಗದದಲ್ಲಿ ನನ್ನ ಹೆಸರೈತೆ ಕಣಮ್ಮ" ಎಂದರು. ಆಕೆ ಬಾಯಿಗೆ ಬಂದಂತೆ ಬೈದರು, ಶಾಪ ಹಾಕಿದರು, ಹೋದರು. ಸಿದ್ದಲಿಂಗಮ್ಮನವರು ನನ್ನ ಕಡೆ ಒಮ್ಮೆ ನೋಡಿ, ನೀರಿನ ತಟ್ಟೆಯನ್ನು ಒರೆಸಿ ಮುಂದಿನ ಬ್ಲಾಕ್ ಕೈಗೆತ್ತಿಕೊಂಡರು. ಆ ದಿನದಿಂದ ನನ್ನೊಡನೆ ಕೆಲಸದ ಮಾತಿನ ಹೊರತು ಒಂದು ಮಾತೂ ಆಡಿದವರಲ್ಲ. ನಾನು ಉಪನ್ಯಾಸಕಿಯಾದೆ, ಪ್ರಾಧ್ಯಾಪಕಿಯಾದೆ, ಮುಖ್ಯಸ್ಥೆಯಾದೆ. ಅಷ್ಟು ವರ್ಷವೂ ನನ್ನ ವರದಿಗಳು ನಿಂತದ್ದು ಅವರು ಕೊಯ್ದ ಪದರಗಳ ಮೇಲೆ. ಅದರಲ್ಲಿ ಒಂದು ದಿನವೂ ಅವರು ಸೇಡು ತೀರಿಸಿಕೊಳ್ಳಲಿಲ್ಲ.

ಕರಡು ಓದಿ ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಪುಸ್ತಕದಲ್ಲಿ ಬರೆದ್ರೆ ಚಿಕ್ಕಮಾದಮ್ಮ ಓದ್ತಾಳಾ ಡಾಕ್ಟ್ರೇ? ಆವಮ್ಮಂಗೆ ಓದಾಕೇ ಬರಲ್ಲ."

ಮೊನ್ನೆ ಭಾನುವಾರ ಇಬ್ಬರೂ ಸಿಟಿ ಬಸ್ಸಿನಲ್ಲಿ ಹಿನಕಲ್‌ಗೆ ಹೋದೆವು. ಪಕ್ಕದ ಹೆಬ್ಬಾಳದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು ಮಕ್ಕಳನ್ನು ಸಾಕಿದ ಚಿಕ್ಕಮಾದಮ್ಮನವರ ಮನೆ ಮುಖ್ಯರಸ್ತೆಯ ಹಿಂದಿನ ಓಣಿಯಲ್ಲಿದೆ. ಸಿದ್ದಲಿಂಗಮ್ಮನವರನ್ನು ನೋಡಿದೊಡನೆ ಅವರು ಗುರುತು ಹಿಡಿದು, ಮುಖ ತಿರುಗಿಸಿಕೊಂಡರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಪೆನ್ಸಿಲ್, ಪೆನ್ನು, ಸೆಮಿನಾರು, ಸುಳ್ಳು.

ಚಿಕ್ಕಮಾದಮ್ಮ ಸಿದ್ದಲಿಂಗಮ್ಮನವರ ಕಡೆ ತಿರುಗಿ, "ಅಂಗಾದ್ರೆ ನೀನಲ್ವೇನವ್ವ? ಇಷ್ಟು ವರ್ಸ ನಿನ್ನೇ ಶಪಿಸ್ಕೊಂಡು ಬಂದೆನಲ್ಲ" ಎಂದು ಅವರ ಕೈ ಹಿಡಿದುಕೊಂಡು ಚಾಪೆಯ ಮೇಲೆ ಕೂರಿಸಿದರು. ಒಳಗೆ ಹೋಗಿ ಒಂದು ಲೋಟ ನೀರು ತಂದು ಅವರಿಗೆ ಕೊಟ್ಟರು. ಒಂದೇ ಲೋಟ ತಂದಿದ್ದರು. ನಾನು ಹೊಸಿಲ ಹೊರಗೆ ಚಪ್ಪಲಿ ಹಾಕಿಕೊಂಡು ಕಾಯುತ್ತ ನಿಂತೆ. ಅದು ಸರಿಯಾಗಿಯೇ ಇತ್ತು.

ಸಿದ್ದಲಿಂಗಮ್ಮನವರ ಸೇವಾ ಪುಸ್ತಕದಿಂದ ಆ ಸಾಲನ್ನು ತೆಗೆದು, ತಡೆಹಿಡಿದ ಬಡ್ತಿಯನ್ನು ಹಿಂದಿನ ದಿನಾಂಕದಿಂದ ಕೊಡಬೇಕೆಂದು ನನ್ನ ತಪ್ಪೊಪ್ಪಿಗೆಯ ಸಮೇತ ಆಡಳಿತಕ್ಕೆ ಪತ್ರ ಕೊಟ್ಟಿದ್ದೇನೆ. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂದಿದೆ. ಈ ಗ್ರಂಥ ಬಿಡುಗಡೆಯಾಗುವ ಸಮಾರಂಭದ ಅಧ್ಯಕ್ಷತೆಗೆ ಆ ರಬ್ಬರಿನ ಮುಖ್ಯಸ್ಥರನ್ನೇ ಕರೆಯಲಾಗಿದೆಯಂತೆ. ಅವರೇ ಶಾಲು ಹೊದಿಸಲಿದ್ದಾರಂತೆ. ಹೊದಿಸಲಿ, ಈ ಲೇಖನವನ್ನು ಓದಿಕೊಂಡು ಬಂದು ಹೊದಿಸಲಿ.

ನಿವೃತ್ತಿಯ ನಂತರವೂ ಬಂದು ನಮ್ಮ ವಿದ್ಯಾರ್ಥಿಗಳಿಗೆ ಕೆಲಸ ಕಲಿಸಿಕೊಡಿ ಎಂದು ಸಿದ್ದಲಿಂಗಮ್ಮನವರನ್ನು ಕೇಳಿಕೊಂಡೆ. "ಆ ಸಾಲು ಹೋಗ್ಲಿ, ಮಾರನೇ ದಿನವೇ ಬರ್ತೀನಿ. ಅಲ್ಲೀತನಕ ಆ ಬಾಗಿಲು ತುಳಿಯಲ್ಲ" ಎಂದರು. ಅವರಿಂದ ಕಲಿಯಬೇಕಾದ ಮಕ್ಕಳು ಕಾದಿದ್ದಾರೆ, ಅವರ ಸ್ಟೂಲು ಕಾದಿದೆ, ನಾನೂ ಕಾದಿದ್ದೇನೆ. ನಮ್ಮ ಕಚೇರಿಯ ಕಡತಗಳು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಎಷ್ಟು ಕಾಲ ಹಿಡಿಯುತ್ತದೆಂದು ಚೆನ್ನಾಗಿ ಬಲ್ಲವಳಾಗಿ, ಅವರಿಗೆ ತುಂಬು ನೂರು ವರ್ಷದ ಆಯುಸ್ಸನ್ನು ಬೇಡುತ್ತೇನೆ. ಅದಕ್ಕಿಂತ ಕಡಿಮೆಯಾದರೆ ಸಾಲದು.

— ಡಾ. ವರ್ಷಿಣಿ