ಹುಣಸೆಹುಳಿಯಲ್ಲಿ ತೊಳೆದ ತಗಡು

ಹಸನಬ್ಬನವರ ತಪ್ಪಲ್ಲ ಮಕ್ಕಳೇ, ನನ್ನದು. ನಿಮ್ಮ ಅಜ್ಜನ ಅಮೇರಿಕದ ಕಾರು ಇಷ್ಟು ವರ್ಷ ಹೊದಿಕೆಯ ಕೆಳಗೆ ಮಲಗಿದ್ದು ನನ್ನಿಂದ.

ನೀವು ಆ ಕಾರನ್ನು ಮತ್ತೆ ಬಿಚ್ಚಿ ಕೂತಾಗ, ಡಿಕ್ಕಿಯಲ್ಲಿ ಇನ್ನೊಂದು ತಗಡಿರಬೇಕು, ಅದನ್ನು ಹಾಕಿ ನೋಡಿ ಎಂದು ಹೇಳಿದವಳು ನಾನೇ ಅಲ್ಲವೇ? ನಿನ್ನೆ ಘಾಲಾದ ಗ್ಯಾರೇಜಿನಿಂದ ನೀವಿಬ್ಬರೂ ಫೋನಿನಲ್ಲಿ ಕೂಗಿದಿರಿ — "ಅಜ್ಜೀ, ದಿಸ್ ಒನ್ ಫಿಟ್ಸ್! ಸ್ಟಾರ್ಟರಿನ ತೂತೂ ಸರಿ ಬಂತು!" — ನಾನು ಅಡುಗೆಮನೆಯಲ್ಲೇ ಕುಣಿದುಬಿಟ್ಟೆ. ಈ ವಯಸ್ಸಿನಲ್ಲಿ! ಮುಖ ನೋಡಿ ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ಅಪ್ಪನಿಂದ ಓದಿಸಿಕೊಳ್ಳಿ. ಅವನಿಗೂ ಗೊತ್ತಿಲ್ಲ.

ಆ ಕಾರಿಗೆ ಅಜ್ಜ ಬೇರೆ ಗೇರ್‌ಬಾಕ್ಸ್ ತರಿಸಿದ್ದರು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಒಂದು ತೆಳು ತಗಡು ಕೂರಬೇಕು. ಹಳೆಯದರದ್ದು ಒಂದು, ಹೊಸದರದ್ದು ಒಂದು — ನೋಡಲು ಅವಳಿಗಳ ಹಾಗೆ. ಈ ಅರಬ್ ನಾಡಿನಲ್ಲಿ ಅಜ್ಜನ ಜೊತೆಗಾರ, ಬಂಟ್ವಾಳದ ಹಸನಬ್ಬ, ಅಳೆದು ನೋಡಿ ಸರಿಯಾದದ್ದರ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದ್ದರು. ಅಜ್ಜ ಎರಡನ್ನೂ ಬೌಷರಿನ ನಮ್ಮ ಮನೆಗೆ ತಂದರು. "ತುಕ್ಕು ಸ್ವಲ್ಪ ಉಜ್ಜಿ ಕೊಡು ಮಾರಾಯ್ತಿ. ಗುರುತು ಜಾಗ್ರತೆ."

ಅಜ್ಜ ನನ್ನನ್ನು ಕಾರಿನ ಕೆಲಸಕ್ಕೆ ಕರೆದದ್ದು ಅದೇ ಮೊದಲು. ಎಂಥ ಹಿಗ್ಗು ನನಗೆ! ಹಬ್ಬದ ದೀಪಗಳಂತೆ ಹೊಳೆಯಲಿ ಎಂದು ಎರಡನ್ನೂ ಹುಣಸೆಹುಳಿ, ಉಪ್ಪು ಹಾಕಿದ ನೀರಲ್ಲಿ ಮುಳುಗಿಸಿದೆ. ಹೊರಗೆ ತೆಗೆದಾಗ ಫಳಫಳ — ಯಾವುದರ ಮೇಲೂ ಗುರುತಿಲ್ಲ.

ಕೇಳಬಹುದಿತ್ತು. ಒಂದು ಮಾತು... ನಾಚಿಕೆ ಅನ್ನಲೇ, ಹೆದರಿಕೆ ಅನ್ನಲೇ — ಬೇಡ, ಅದು ನೆಪವಾಗುತ್ತದೆ. ನಿಮ್ಮ ಅಪ್ಪನ ಶಾಲೆಯ ಚೀಲದಿಂದ ಸೀಮೆಸುಣ್ಣ ತೆಗೆದು, ಕೈಗೆ ಸಿಕ್ಕ ತಗಡಿನ ಮೇಲೆ ಹಸನಬ್ಬನವರ ಗುರುತನ್ನೇ ನಕಲು ಮಾಡಿದೆ.

ಕಾರು ಸ್ಟಾರ್ಟ್ ಮಾಡುವ ದಿನ ಪಾಯಸ ಮಾಡಿಕೊಂಡು ನಾನೂ ಗ್ಯಾರೇಜಿಗೆ ಹೋಗಿದ್ದೆ. ಅಜ್ಜ ಕೀಲಿ ತಿರುಗಿಸಿದರು. ಸ್ಟಾರ್ಟರಿನ ಹಲ್ಲು ಎಂಜಿನ್ ಚಕ್ರದ ಹಲ್ಲಿಗೆ ಸರಿಯಾಗಿ ಕೂರದೆ ಕರಕರನೆ ಅರೆದುಹೋಯಿತು. ಗೇರ್‌ಬಾಕ್ಸ್ ಇಳಿಸಿದರೆ — ಒಳಗಿದ್ದದ್ದು ಹಳೆಯ ಗೇರ್‌ಬಾಕ್ಸಿನ ತಗಡು.

"ಎಂತ ಹಸನಬ್ಬ, ಕಣ್ಣು ಊರಲ್ಲೇ ಬಿಟ್ಟು ಬಂದದ್ದಾ?"

"ಗುರುತು ನೋಡಿಯೇ ಹಾಕಿದ್ದು ಅಣ್ಣ."

"ಗುರುತು ಹಾಕಿದ್ದು ಯಾರು ಮತ್ತೆ? ನೀನೇ ಅಲ್ವಾ?"

ಹಸನಬ್ಬ ತಗಡನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹೌದು, ನಂದೇ ಗುರುತು. ನಂಗೇ ತಪ್ಪಿತು. ಖಲಾಸ್ ಅಣ್ಣ, ಇನ್ನು ಎಂಜಿನ್ ಕೆಲಸ ನಂಗೆ ಬೇಡ."

ಪಾಯಸದ ಪಾತ್ರೆ ಹಿಡಿದು ನಾನು ಅಲ್ಲೇ ನಿಂತಿದ್ದೆ.

ಅಂದಿನಿಂದ ಅವರು ನೀರಿನ ಟ್ಯಾಂಕರ್ ಓಡಿಸುತ್ತಾರೆ. ಅಜ್ಜ ಕರೆದರೂ ಬರಲಿಲ್ಲ. ಅವರಿಲ್ಲದೆ ಅಜ್ಜನೂ ಆ ಕಾರನ್ನು ಮುಟ್ಟಲಿಲ್ಲ, ಹಾಗೆಯೇ ತೀರಿಹೋದರು. ಹಸನಬ್ಬ ಬೈಗುಳ ತಿಂದದ್ದಕ್ಕಿಂತ — ತನ್ನ ಕೈಯನ್ನೇ ನಂಬದಂತಾದರಲ್ಲ, ಅದು ನನ್ನನ್ನು...

ಶುಕ್ರವಾರ ಕಾರು ಸ್ಟಾರ್ಟ್ ಮಾಡುತ್ತೀರಂತೆ. ಎಂಜಿನ್ನಿನ ಆ ಗುಡುಗು ಕೇಳಲು ನನಗೆಷ್ಟು ಆಸೆ ಎಂದು ನಿಮಗೆ ಗೊತ್ತಿಲ್ಲ! ಆದರೆ ಅದಕ್ಕೆ ಮೊದಲು ನನ್ನನ್ನು ಹಸನಬ್ಬನವರ ಮನೆಗೆ ಕರೆದುಕೊಂಡು ಹೋಗಿ. ನಿಮ್ಮೆದುರೇ ಎಲ್ಲ ಹೇಳುತ್ತೇನೆ. ಅವರು ಬಂದರೆ ಕೀಲಿ ಅವರ ಕೈಗೇ ಕೊಡಿ. ಬರುವುದಿಲ್ಲ ಎಂದರೆ ಒತ್ತಾಯ ಮಾಡಬೇಡಿ. ಸಂತೋಷದಿಂದ ನೀವೇ ಸ್ಟಾರ್ಟ್ ಮಾಡಿ. ಅವರು ಕೇಳದ ಗುಡುಗು ನನಗೂ ಬೇಡ, ನಾನು ಮನೆಯಲ್ಲೇ ಇರುತ್ತೇನೆ.