ಮಣ್ಣಿಗೆ ಹೋದ ಮೇಣದ ತುಂಡು

ಅಕ್ಕ ಮೂಡುಬಿದಿರೆಯಿಂದ ಬಸ್ಸಿನಲ್ಲಿ ಮೆಲ್ಕಾರ್‌ಗೆ ಬಂದು ನನ್ನ ಚಪ್ಪಲಿ ಅಂಗಡಿಯ ಸ್ಟೂಲಿನಲ್ಲಿ ಕುಳಿತಿದ್ದಳು. ಮಗಳಿಗೆಂದು ತೆಗೆಸಿದ ಜೋಡಿಗಳಲ್ಲಿ ಒಂದನ್ನೂ ಒಪ್ಪುತ್ತಿರಲಿಲ್ಲ.

"ಇದೆಂತ ಮಾರಾಯ, ಮೊದಲ ಮಳೆಗೇ ಬಾಯಿ ಬಿಡ್ತದೆ."

"ನೀನು ಬಾಯಿ ಮುಚ್ಚಿದರೆ ಒಂದು ಗಿರಾಕಿಯಾದರೂ ಒಳಗೆ ಬಂದೀತು."

ಅವಳು ನಕ್ಕಳು. ಕೊನೆಗೆ ಮೊದಲು ಬೇಡವೆಂದ ಜೋಡಿಯನ್ನೇ ಕಟ್ಟಿಸಿಕೊಂಡಳು. ಅದೇ ಸಂಜೆ ನಮ್ಮ ಮನೆಯಲ್ಲಿ ಎದೆಯಲ್ಲಿ ಎದ್ದಿದ್ದ ಒಂದು ಗಡ್ಡೆಯನ್ನು ಉಮ್ಮನಿಗೆ, ನಮ್ಮ ತಾಯಿಗೆ, ತೋರಿಸಿದಳು. ಮುಟ್ಟಿ ನೋಡಿದ ಉಮ್ಮ ಮತ್ತೆ ಊಟಕ್ಕೆ ಬರಲಿಲ್ಲ.

ಮಂಗಳೂರಿನಲ್ಲಿ ಆಪರೇಷನ್ ಆಯಿತು. ಗಡ್ಡೆ ಕ್ಯಾನ್ಸರಿನದ್ದು. ಇನ್ನೊಬ್ಬ ಡಾಕ್ಟರಿಗೆ ತೋರಿಸಲೆಂದು, ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿದ್ದ ಒಂದೇ ಒಂದು ತುಂಡನ್ನು ಲ್ಯಾಬಿನಿಂದ ತಂದಿದ್ದೆವು. ಬೆಂಕಿಪೆಟ್ಟಿಗೆಗಿಂತ ಸಣ್ಣದು. ಕೆಲಸ ಮುಗಿದ ಮೇಲೆ ಅದು ಅಕ್ಕನ ಕಪಾಟಿನಲ್ಲಿ ಉಳಿಯಿತು.

ಅವಳನ್ನು ನೋಡಲು ಕಕ್ಕಿಂಜೆಯಿಂದ ಬಂದ ಮಾಮ, ಅಂದರೆ ಉಮ್ಮನ ಅಣ್ಣ, ಅದೇನೆಂದು ಕೇಳಿದರು. ದೇಹದಿಂದ ಬೇರೆಯಾದದ್ದನ್ನು ಮಣ್ಣು ಮಾಡುವುದು ನಮ್ಮ ಕ್ರಮ. ಮರದ ಮಿಲ್ಲಿನಲ್ಲಿ ತುಂಡಾದ ಬೆರಳನ್ನೂ ಬಟ್ಟೆಯಲ್ಲಿ ಸುತ್ತಿ ಹೂಳುತ್ತಾರೆ.

"ಮೋಳೆ, ಇದು ಕಪಾಟಿನಲ್ಲಿ ಇಡುವಂಥದ್ದಲ್ಲ," ಎಂದರು ಮಾಮ. ಅವರಿಗೆ ಅಕ್ಕ ಮೋಳೆ, ಅಂದರೆ ಮಗಳು; ನಾನು ಮೋನೆ, ಮಗ.

ಅಕ್ಕನೇ ಎದ್ದು ಕೊಟ್ಟಳು. ಮಾಮ ಊರಿಗೆ ಒಯ್ದು, ಮಸೀದಿಯ ಖಬರಸ್ಥಾನದಲ್ಲಿ ನಮ್ಮ ಅಜ್ಜಿಯ ಪಕ್ಕ ಹೂತರು. "ಅಜ್ಜಿಗೆ ಮಾತಾಡಲಿಕ್ಕೆ ಜನ ಆಯ್ತು," ಎಂದು ಅಕ್ಕ ಹೇಳುತ್ತಿದ್ದಳು. ನಮಗೆಲ್ಲ ಸಮಾಧಾನವೇ ಆಗಿತ್ತು.

ಮರುವರ್ಷ ಕಾಯಿಲೆ ಶ್ವಾಸಕೋಶಕ್ಕೆ ಬಂತು. ಡಾಕ್ಟರು ಒಂದು ಹೊಸ ಔಷಧದ ಮಾತೆತ್ತಿದರು. ಜೀವಕೋಶದ ಮೈಮೇಲೆ ಒಂದು ಪ್ರೋಟೀನ್ ಇರುತ್ತದೆ, ಕೋಶದ ಒಳಕ್ಕೆ 'ಬೆಳೆಯುತ್ತಾ ಹೋಗು' ಎಂದು ಸುದ್ದಿ ಕೊಡುವುದು ಅದರ ಕೆಲಸ. ಕೆಲವರ ಗಡ್ಡೆಯಲ್ಲಿ ಅದು ವಿಪರೀತ ಇರುತ್ತದೆ, ಅಂಥವರಿಗೆ ಮಾತ್ರ ಈ ಔಷಧ ಎಂದರು. ಇದೆಯೋ ಇಲ್ಲವೋ ನೋಡಲು ಆಂಟಿಬಾಡಿ ಎಂಬುದನ್ನು ಗಡ್ಡೆಯ ತೆಳು ಪದರದ ಮೇಲೆ ಹಾಕುತ್ತಾರೆ. ಅದು ಆ ಪ್ರೋಟೀನಿಗೆ ಮಾತ್ರ ಅಂಟುತ್ತದೆ. ಅಂಟಿದಲ್ಲಿ ಕಂದು ಬಣ್ಣ ಬರಿಸುತ್ತಾರೆ.

"ಹಳೆಯ ಬ್ಲಾಕ್, ಆ ಮೇಣದ ತುಂಡು, ಅದನ್ನು ತನ್ನಿ, ಸಾಕು," ಎಂದರು.

ನಾನು ಕಕ್ಕಿಂಜೆಗೆ ಹೋದೆ. ಮಾಮ ಮರುಮಾತಿಲ್ಲದೆ ಹಾರೆ ತಂದರು. ಇಡೀ ಮಳೆಗಾಲ ಮಣ್ಣಿನೊಳಗಿದ್ದ ಮೇಣ ಸಿಕ್ಕಿತು, ಕೆಂಪಾಗಿ, ಅಂಚು ಮುರಿದು. ಮಾಮ ಅದನ್ನು ತೊಳೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ನನಗೆ ಯಾರು ಹೇಳಿದ್ದಾರೆ ಮೋನೆ, ಇದು ಮತ್ತೆ ಬೇಕಾಗ್ತದೆ ಅಂತ?"

ಯಾರೂ ಹೇಳಿರಲಿಲ್ಲ. ಲ್ಯಾಬಿನವರು ಕೊಡುವಾಗಲೂ ಹೇಳಿರಲಿಲ್ಲ. ಸಿಟ್ಟು ಬರುತ್ತಿತ್ತು, ಯಾರ ಮೇಲೆ ಹಾಕುವುದೆಂದು ತಿಳಿಯುತ್ತಿರಲಿಲ್ಲ.

ಲ್ಯಾಬಿನ ಡಾಕ್ಟರು ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಹೋಲಿಸಲು ಇಟ್ಟಿದ್ದ ಬೇರೊಬ್ಬರ ಗಡ್ಡೆಯಲ್ಲಿ ಪ್ರತಿ ಕೋಶದ ಸುತ್ತ ಕಂದು ಗೆರೆ, ಬಲೆ ಹರಡಿದಷ್ಟು ಸ್ಪಷ್ಟ. ಅಕ್ಕನದ್ದರಲ್ಲಿ ಚಹಾ ಚೆಲ್ಲಿದಂತೆ ಎಲ್ಲ ಕಡೆ ಕಂದು.

"ನೀರು ಹೋಗಿ ಹಾಳಾಗಿದೆ. ಹೀಗಾದರೆ ಆಂಟಿಬಾಡಿ ಕಂಡಲ್ಲೆಲ್ಲ ಅಂಟ್ತದೆ. ಉಂಟು ಅಂತಲೂ ಹೇಳಲಿಕ್ಕಾಗುವುದಿಲ್ಲ, ಇಲ್ಲ ಅಂತಲೂ."

"ಇನ್ನೊಮ್ಮೆ ಹಾಕಿ ನೋಡಬಹುದಾ?"

"ಹಾಕಿದ್ದೇವೆ. ಹೊಸ ಚೂರು ಬೇಕು."

ಹೊಸ ಚೂರು ತೆಗೆಯಲು ಶ್ವಾಸಕೋಶಕ್ಕೆ ಸೂಜಿ ಹಾಕಬೇಕಿತ್ತು. ಅಕ್ಕ ಆಗಲೇ ದಿಂಬಿಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದಳು. ಮಲಗಿಸಿದರೆ ಉಸಿರು ಸಿಗುತ್ತಿರಲಿಲ್ಲ. ಡಾಕ್ಟರೇ ಬೇಡವೆಂದರು, ಹಾಗಾಗಿ ಆ ಔಷಧವನ್ನೂ ಕೊಡಲಾಗಲಿಲ್ಲ.

ಅವಳನ್ನು ಮೂಡುಬಿದಿರೆಯಲ್ಲೇ ಮಣ್ಣು ಮಾಡಿದೆವು. ಮಾಮ ಈಗಲೂ ಸಿಕ್ಕಿದಾಗಲೆಲ್ಲ ಕೇಳುತ್ತಾರೆ, ಅದು ಇತ್ತೋ ಇಲ್ಲವೋ ಎಂದು. ಇರಲಿಲ್ಲ ಎಂದುಬಿಟ್ಟರೆ ಅವರ ಭಾರ ಇಳಿದೀತು. ಆದರೆ ನನಗೆ ಗೊತ್ತಿಲ್ಲ. ಅಕ್ಕನ ಗಡ್ಡೆಯಲ್ಲಿ ಆ ಪ್ರೋಟೀನ್ ಇತ್ತೇ ಎಂಬುದಕ್ಕೆ ಉತ್ತರ ಇವತ್ತಿಗೂ ಸಿಕ್ಕಿಲ್ಲ.