ಮನೆ ಬಾಗಿಲಿಗೆ ಬಂದ ಮತಪೆಟ್ಟಿಗೆ

ಜೀವನ್ ಬಿಮಾ ನಗರದ ನಮ್ಮ ಹಳೇ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಅಣ್ಣ, ಅತ್ತಿಗೆ, ನಾನು ಇರುವುದು ಎರಡನೇ ಮಹಡಿಯಲ್ಲಿ. ಸ್ಕೂಟರ್‌ನಿಂದ ಬಿದ್ದು ಕುತ್ತಿಗೆಯ ಕೆಳಗೆಲ್ಲ ಸ್ವಾಧೀನ ತಪ್ಪಿದ ಮೇಲೆ, ನಾನು ಕೆಳಗಿಳಿಯಬೇಕಾದರೆ ನಾಲ್ಕು ಜನ ಬೇಕು, ಒಂದು ಗಟ್ಟಿ ಕುರ್ಚಿ ಬೇಕು, ಅದಕ್ಕಿಂತ ಗಟ್ಟಿಯಾದ ಕಾರಣ ಬೇಕು. ಜನರನ್ನೂ ಕುರ್ಚಿಯನ್ನೂ ಹೇಗೋ ಹೊಂದಿಸಬಹುದು. ಕಾರಣವೇ ಸಿಗುವುದಿಲ್ಲ. ಸುಮ್ಮನೆ ರಸ್ತೆ ನೋಡಬೇಕು ಎಂದು ಕೇಳಲು ನನಗೇ ಬಾಯಿ ಬರುವುದಿಲ್ಲ.

ಆಸ್ಪತ್ರೆ ಒಂದು ಕಾರಣ. ಇನ್ನೊಂದು ಮತದಾನ. ಮತ ಹಾಕುತ್ತೇನೆ ಎಂದರೆ ಯಾರೂ ಬೇಡ ಅನ್ನುವಂತಿಲ್ಲ, ಹಕ್ಕು ನೋಡಿ. ಕಳೆದ ಚುನಾವಣೆಯಲ್ಲಿ ಅಣ್ಣ, ವಾಚ್‌ಮನ್, ಕೆಳಗಿನ ಮನೆಯ ಅಪ್ಪ-ಮಗ ಸೇರಿ ನನ್ನನ್ನು ಇಳಿಸಿದ್ದರು. ಶಾಲೆಯ ಬೂತಿನಲ್ಲಿ ಮತ ಹಾಕಿದ್ದು ಎರಡು ನಿಮಿಷ. ಆಮೇಲೆ ಬೇಕರಿಯ ಮುಂದೆ ಗಾಲಿಕುರ್ಚಿಯಲ್ಲಿ ಕೂತು, ಅತ್ತಿಗೆ ಮುರಿದು ಬಾಯಿಗಿಟ್ಟ ದಿಲ್‌ಪಸಂದ್ ತಿನ್ನುತ್ತಾ, ಹೋಗಿಬರುವವರನ್ನೆಲ್ಲ ನಾಚಿಕೆಯಿಲ್ಲದೆ ನೋಡಿದ್ದು ಒಂದು ಗಂಟೆ. ಯಾರು ಗೆದ್ದರೋ ಮರೆತೇ ಹೋಗಿದೆ. ವಾಪಸ್ ಹತ್ತಿಸುವಾಗ ಅಣ್ಣನ ಸೊಂಟ ಹಿಡಿದುಕೊಂಡು, ಅವನು ಹದಿನೈದು ದಿನ ಹಾಸಿಗೆ ಹಿಡಿದ.

ಈ ಸಲ ಚುನಾವಣೆ ಘೋಷಣೆಯಾದ ದಿನದಿಂದ ನಾನು ದಿನ ಎಣಿಸುತ್ತಿದ್ದೆ. ಯಾವ ಚೂಡಿದಾರ ಎನ್ನುವುದೂ ತೀರ್ಮಾನವಾಗಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಐದು ಜನ ಬಾಗಿಲು ತಟ್ಟಿ ಒಳಗೆ ಬಂದರು. ಚುನಾವಣೆ ಕೆಲಸಕ್ಕೆ ಹಾಕಿದ್ದ ಒಬ್ಬ ಟೀಚರ್, ಅವರ ಸಹಾಯಕಿ, ಒಬ್ಬ ಪೊಲೀಸ್, ವಿಡಿಯೋ ತೆಗೆಯುವವನು, ಪೆಟ್ಟಿಗೆಯನ್ನೂ ರಟ್ಟಿನ ಮರೆಯನ್ನೂ ಹೊತ್ತವನು.

"ಮನೆಯಿಂದಲೇ ವೋಟ್ ಹಾಕ್ತೀನಿ ಅಂತ ಬರ್ಕೊಟ್ಟಿದ್ದೀರಲ್ಲ ಮೇಡಂ, ಅದಕ್ಕೇ ಬಂದ್ವಿ" ಅಂದರು ಟೀಚರ್.

"ನಾನಾ? ಇಲ್ವಲ್ಲ!"

ಅವರು ಅರ್ಜಿಯ ಜೆರಾಕ್ಸ್ ತೋರಿಸಿದರು. ಕೆಳಗೆ ನನ್ನ ಹೆಬ್ಬೆಟ್ಟು. ಆಗ ನೆನಪಾಯಿತು. ಅತ್ತಿಗೆ ಉಪ್ಪಿಟ್ಟು ತಿನ್ನಿಸುತ್ತಿದ್ದಾಗ ಅಣ್ಣ ಒಂದು ಕಾಗದ ತಂದು ನನ್ನ ಬೆರಳು ಒತ್ತಿಸಿಕೊಂಡು ಹೋಗಿದ್ದ. ಬ್ಯಾಂಕು, ಪಿಂಚಣಿ, ಗ್ಯಾಸು, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ನನ್ನ ಹೆಬ್ಬೆಟ್ಟು ಮೇಜಿನ ಮೇಲಿನ ರಬ್ಬರ್ ಸ್ಟಾಂಪಿನ ಹಾಗೆ, ಯಾರು ಬೇಕಾದರೂ ಎತ್ತಿ ಒತ್ತಬಹುದು. ಅವನು ಏನೆಂದು ಹೇಳಲಿಲ್ಲ, ನಾನು ಕೇಳಲಿಲ್ಲ. ಎಂ.ಎ. ಓದಿದವಳು ನಾನು. ಕೈಕಾಲು ಹೋದರೂ ಬಾಯಿ ಇತ್ತಲ್ಲ, ಒಂದು ಮಾತು ಕೇಳಬಹುದಿತ್ತು.

"ನಾನು ಬೂತ್‌ಗೇ ಬರ್ತೀನಿ."

"ಆಗಲ್ಲ ಮೇಡಂ. ಪಟ್ಟೀಲಿ ಗುರುತು ಹಾಕಿದ್ಮೇಲೆ ಬೂತಲ್ಲಿ ಬಿಡಲ್ಲ." ಟೀಚರ್ ದನಿಯಲ್ಲಿ ನಿಜವಾದ ಮರುಕವಿತ್ತು. ಅದನ್ನು ಕೇಳಿ ಇನ್ನಷ್ಟು ಸಿಟ್ಟು ಬಂತು.

ಅಣ್ಣ ತಲೆ ತಗ್ಗಿಸಿದ. "ನಿಂಗೆ ಕಷ್ಟ ಆಗ್ಬಾರ್ದು ಅಂತ ಕಣೇ. ಒಂದು ಮೆಟ್ಲೂ ಇಳೀಬೇಕಾಗಿಲ್ಲ ನೋಡು."

ತನ್ನ ಸೊಂಟದ ಮಾತೇ ಅವನು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು. ನನ್ನ ಒಳ್ಳೆಯದಕ್ಕೆಂದೇ ಮಾಡಿದವನ ಜೊತೆ ಏನಂತ ಜಗಳ ಆಡುವುದು? ಗುರುತಿಲ್ಲದವರ ಮುಂದೆ ಅಳಬಾರದೆಂದು ಫ್ಯಾನ್ ನೋಡುತ್ತಾ ಮಲಗಿದೆ.

ರಟ್ಟಿನ ಮರೆಯನ್ನು ಮಂಚದ ಮೇಲಿಟ್ಟರು. ನನ್ನ ಪರವಾಗಿ ಮತಪತ್ರದಲ್ಲಿ ಗುರುತು ಹಾಕಲು ಅಣ್ಣನೇ ಬಗ್ಗಿ, "ಯಾರಿಗೆ?" ಎಂದು ಪಿಸುಗುಟ್ಟಿದ. ಅವನಿಗೆ ಕಂಡರಾಗದ ಪಕ್ಷದ ಹೆಸರು ಹೇಳಿದೆ. ಪಾಪ, ಅದಕ್ಕೇ ಹಾಕಿದ. ಅದರಿಂದಲೂ ನನಗೆ ಸಮಾಧಾನವಾಗಲಿಲ್ಲ.

ಮತದಾನದ ದಿನ ಮೆಟ್ಟಿಲ ತುಂಬ ಹಬ್ಬದ ಗದ್ದಲ. ಬೆನ್ನಿಗೆ ಹುಣ್ಣಾಗದಿರಲೆಂದು ಅತ್ತಿಗೆ ನನ್ನನ್ನು ಗೋಡೆಯ ಕಡೆಗೆ ಮಗ್ಗುಲು ತಿರುಗಿಸಿ, "ಅರ್ಧ ಗಂಟೆ ಅಷ್ಟೆ, ಬಂದ್ಬಿಡ್ತೀವಿ" ಅಂದರು. ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ನನ್ನಿಂದಾಗದಲ್ಲ, ಅಣ್ಣ ಹೊರಗಿನಿಂದ ಬೀಗ ಹಾಕಿದ. ಭದ್ರವಾಗಿದೆಯೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡಿದ್ದು ನನಗೆ ಕೇಳಿಸಿತು.